ದೊಡ್ಡಪ್ಪ ಉಂಡ ಕಪ್ಪೆಚಿಪ್ಪಿನ ಬಾಡು

ದೊಡ್ಡಪ್ಪನ ಬಲಗೈ ಬೆರಳುಗಳ ತುದಿ ಹಳದಿಗಟ್ಟಿತ್ತು. ಬೀಡಿ ಸೇದಿ ಅಲ್ಲ. ಜೀವಮಾನವಿಡೀ ಬಾಡಿನ ಸಾರಿನಲ್ಲಿ ಮುದ್ದೆ ಅದ್ದಿ ಅದ್ದಿ ಹತ್ತಿದ ಅರಿಸಿನ ಅದು. ಮಧ್ಯಾಹ್ನ ಎಲ್ಲಾದರೂ ಬೀಗರೂಟ ಮುಗಿಸಿ ಬಂದರೆ, ಸಂಜೆ ಜಗಲಿಯ ಮೇಲೆ ಕೂತು ಆ ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಿದ್ದರು. ತೀರ್ಪು ಬರುತ್ತಿದ್ದುದು ಆಮೇಲೆ. "ಸೋಪಾಕಿ ತೊಳದ್ರೂ ವಾಸ್ನೆ ಓಗಿಲ್ಲ ಕಣ್ಲಾ. ಅದು ಊಟ!" ಅಂದರೆ ಆ ಬೀಗರು ಗೆದ್ದರು. ಮೂಸಿ ನೋಡಿ, ಏನೂ ಹೇಳದೆ ಬೆರಳನ್ನು ಪಂಚೆಗೆ ಒರೆಸಿಕೊಂಡರೆ ಆ ಮದುವೆಗೆ ಹಾಕಿದ ಚಪ್ಪರವೇ ದಂಡ.

ನಮ್ಮೂರು ಬಾಗೂರಿನ ಸುತ್ತಮುತ್ತ ಯಾರ ಮನೆಯಲ್ಲಿ ಬೀಗರೂಟವಾದರೂ ಕೊಪ್ಪರಿಗೆಯ ಪಕ್ಕ ದೊಡ್ಡಪ್ಪನಿಗೊಂದು ಕುರ್ಚಿ ಇರುತ್ತಿತ್ತು. ಹಾಗಂತ ಅವರೇನೂ ಸೌಟು ಹಿಡಿದವರಲ್ಲ. ಬಾಡು ಬೆಂದಿದೆಯೋ ಇಲ್ಲವೋ ಎಂದು ಹೇಳುವುದಷ್ಟೇ ಅವರ ಕೆಲಸ. ಒಂದು ತುಂಡನ್ನು ಎಲೆಯ ಚೂರಿನ ಮೇಲೆ ಹಾಕಿಸಿಕೊಂಡು, ಹೆಬ್ಬೆರಳಲ್ಲಿ ಅದುಮಿ, ಬಾಯಿಗೆ ಹಾಕಿಕೊಂಡು, "ಇನ್ನೊಂದ್ ಉರಿ" ಎನ್ನುವರು. ಆ ಒಂದು ಉರಿಗಾಗಿ ಊರಿಗೆ ಊರೇ ಹಸಿದು ಕಾಯಬೇಕು. ಯಾರಾದರೂ ಗೊಣಗಿದರೆ, "ಬೇಯೋಗಂಟ ಇದ್ದೋನು ಆರೋಗಂಟ ಇರಾಕಾಗಲ್ವಾ? ಸುಮ್ಕಿರ್ಲಾ" ಎಂದು ಬಾಯಿ ಮುಚ್ಚಿಸುವರು. ಅವರ ಲೆಕ್ಕದಲ್ಲಿ ಬೇಗ ಬೇಯುವುದೆಲ್ಲ ತರಕಾರಿ. ಮೀನನ್ನೂ ಅವರು ಸೊಪ್ಪಿನ ಸಾಲಿಗೇ ಸೇರಿಸಿದ್ದರು.

ಇಂಥವರ ಮುಂದೆ ನಿಂತು ನಾನು ಮೀನಂಗಡಿಯವನನ್ನು ಮದುವೆಯಾಗುತ್ತೇನೆ ಎಂದು ಹೇಳಬೇಕಿತ್ತು.

ಹಾಸನದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ನನ್ನದು. ಹುಡುಗ ಕರಾವಳಿಯವನು. ಶಿರಾಡಿ ಘಾಟಿ ಹತ್ತಿ ಬರುವ ಲಾರಿಯಲ್ಲಿ ಮೀನು ತರಿಸಿ ಹಾಸನದಲ್ಲಿ ಮಾರುತ್ತಿದ್ದ. ಜೊತೆಗೆ ಅವನ ತಾಯಿ ಇದ್ದರು. ನಾವು ಹೊಲಗದ್ದೆಯ ಜನ, ಅವರು ಸಮುದ್ರದ ಜನ, ಜಾತಿ ಬೇರೆ. ಅಪ್ಪ ತಮ್ಮ ಅಣ್ಣನ ಮಾತು ಮೀರಿದವರಲ್ಲ. "ಅಣ್ಣ ಊಂ ಅಂದ್ರೆ ನಂದೂ ಊಂ" ಎಂದು ಕೈ ತೊಳೆದುಕೊಂಡರು. ಹೊಳೆನರಸೀಪುರದ ಮಾವ, ಎಂದರೆ ಅಪ್ಪನ ತಂಗಿಯ ಗಂಡ, "ಜಾತಿ ಬುಟ್ಟು ಕೊಟ್ರೆ ನಮ್ಮನೆ ಬಾಗ್ಲಿಗೆ ಬರ್ಬೇಡಿ" ಎಂದು ಫೋನಿನಲ್ಲೇ ಕೂಗಾಡಿದ್ದರು. ದೊಡ್ಡಪ್ಪ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

"ಮನೆ ನೋಡ್ಕಂಡ್ ಬರಾನ ಬುಡು. ನೋಡುದ್ರೆ ಕಣ್ಣೇನ್ ಸವೀತದಾ?" ಅಂದರು.

ನಮ್ಮ ಕಡೆ ಗಂಡಿನ ಮನೆ ನೋಡಲು ಹೋದ ಹಿರಿಯರು ಕಾಫಿ ಕುಡಿಯಬಹುದು, ಬಾಳೆಹಣ್ಣು ತಿನ್ನಬಹುದು. ಊಟಕ್ಕೆ ಮಾತ್ರ ಕೂರುವಂತಿಲ್ಲ. ಎಲೆ ಮುಂದೆ ಕೂತು ಉಂಡು ಕೈ ತೊಳೆದರೆ ಸಂಬಂಧಕ್ಕೆ ಒಪ್ಪಿದ ಹಾಗೆ. ಆಮೇಲೆ ಒಲ್ಲೆ ಎಂದವನು ಉಂಡ ಮನೆಗೆ ಎರಡು ಬಗೆದವನು. ಅಪ್ಪ, ದೊಡ್ಡಪ್ಪನ ಜೊತೆ ಮಾವನೂ ಹೊರಟರು, ಸಂಬಂಧ ತಪ್ಪಿಸಲೆಂದೇ. ದೊಡ್ಡಪ್ಪನ ನಾಲಿಗೆ ಬಲ್ಲ ಅವರು ಕಾರಿನಲ್ಲೇ ಎಚ್ಚರಿಸಿದರು: "ಭಾವ, ಬಾಯಿ ಬಿಗಿ ಇಡ್ಕಳಿ. ಕಾಫಿ ಮ್ಯಾಲೆ ಒಂದ್ ತುತ್ತೂ ಬ್ಯಾಡ."

"ನಾನೇನ್ ಅನ್ನ ಕಾಣ್ದೋನಾ?" ಎಂದು ದೊಡ್ಡಪ್ಪ ಕಿಟಕಿಯ ಕಡೆ ತಿರುಗಿದರು.

ಹೆಣ್ಣು ತಾನೇ ಮನೆ ನೋಡಲು ಹೋಗುವ ರೂಢಿ ಇಲ್ಲ. ದಾರಿ ತೋರಿಸುವ ನೆಪ ಮಾಡಿ ನಾನೂ ಹತ್ತಿದ್ದೆ.

ಕಾಫಿ ಆಯಿತು, ಬಾಳೆಹಣ್ಣು ಆಯಿತು. ಮಳೆ ಬೆಳೆ ಮಾತೂ ಮುಗಿಯಿತು. ಹುಡುಗನ ತಾಯಿ ಬಾಗಿಲಿಗೆ ಬಂದು, "ಊಟಕ್ಕೆ ಏಳಿ ಮಾರಾಯ್ರೆ, ಎಲ್ಲ ತಯಾರುಂಟು" ಅಂದರು.

"ಬ್ಯಾಡಿ, ಉಂಡ್ಕಂಡೇ ಬಂದಿದ್ದೀವಿ" ಎಂದು ಮಾವ ಎಲ್ಲರ ಪರವಾಗಿ ಸುಳ್ಳು ಹೇಳಿದರು. ಆದರೆ ದೊಡ್ಡಪ್ಪ ಆಗಲೇ ಎದ್ದು ನಿಂತಿದ್ದರು. "ಉಣ್ಣಲ್ಲ ಕಣಯ್ಯ. ಏನ್ ಮಾಡವ್ರೆ, ನೋಡ್ತೀನಿ."

ಅಡುಗೆಮನೆಯ ತಟ್ಟೆಯಲ್ಲಿ ಬಾಳೆದಿಂಡು ಕತ್ತರಿಸಿಟ್ಟಂತೆ ಬೆಳ್ಳಗಿನ ಬಿಲ್ಲೆಗಳಿದ್ದವು. ದೊಡ್ಡಪ್ಪ ಬಗ್ಗಿ ಮೂಸಿದರು. "ಇದೇನ್ಲಾ ಇದು?"

"ಸ್ಕ್ಯಾಲಪ್ ಅಂತಾರೆ ದೊಡ್ಡಪ್ಪ. ಬೀಸಣಿಗೆ ಹಾಗೆ ಇರುವ ಸಮುದ್ರದ ಕಪ್ಪೆಚಿಪ್ಪು. ಸಕಲೇಶಪುರ ಕಡೆ ಒಂದು ರೆಸಾರ್ಟಿಗೆ ಅಂತ ತರಿಸಿದ್ದು, ನಿಮಗೆ ಸ್ವಲ್ಪ ಎತ್ತಿಟ್ಟೆ" ಎಂದ ಹುಡುಗ. ಅವನು ಆಗಲೇ ದೊಡ್ಡಪ್ಪ ಎಂದು ಕರೆದದ್ದು ಬಾಗಿಲಲ್ಲಿ ನಿಂತ ಮಾವನಿಗೆ ಮುಳ್ಳು ಚುಚ್ಚಿದಂತಾಯಿತು.

"ಕಪ್ಪೆಚಿಪ್ಪಾ? ನಮ್ಮ ಒಳೇಲೂ ಸಿಕ್ತದೆ. ನಮ್ಮವ್ವ ಅದ್ರಾಗೆ ಮಾವಿನಕಾಯಿ ಸಿಪ್ಪೆ ಎರೀತಿದ್ಲು. ಅದ್ರೊಳ್ಗೆ ಇಷ್ಟ್ ದಪ್ಪ ಬಾಡು ಎಲ್ಲದೆ?"

"ಇದು ಈಜುವ ಜಾತಿ. ಚಿಪ್ಪು ತೆರೆದು ಮುಚ್ಚಿ, ತೆರೆದು ಮುಚ್ಚಿ ನೀರು ಚಿಮ್ಮಿಸ್ಕೊಂಡು ಮುಂದೆ ಹೋಗ್ತದೆ. ಮುಚ್ಲಿಕ್ಕೆ ಒಂದು ಮಾಂಸ ಉಂಟಲ್ಲ, ಅದನ್ನು ಮಾತ್ರ ತಿನ್ನೋದು."

"ಅಂದ್ರೆ ಬಾಗ್ಲಾಕೋ ಬಾಡು" ಎಂದು ದೊಡ್ಡಪ್ಪ ತಲೆಯಾಡಿಸಿದರು. "ದಿನಗಂಟ್ಲೆ ಗೇದಿರೋ ಬಾಡು ಗಟ್ಟಿ ಇರ್ತದೆ. ಎಷ್ಟೊತ್ತು ಬೇಯ್ಸೀಯ?"

"ಎರಡೇ ನಿಮಿಷ."

ದೊಡ್ಡಪ್ಪ ನನ್ನ ಕಡೆ ತಿರುಗಿ ನೋಡಿದರು. ಎಂಥವನನ್ನು ಹುಡುಕಿಕೊಂಡೆ ಮಗಳೇ ಎನ್ನುವ ನೋಟ ಅದು. "ಎರಡ್ ನಿಮ್ಸಕ್ಕೆ ನೀರೂ ಕಾಯಲ್ಲ ಕಣಪ್ಪ" ಎಂದು ಪಂಚೆ ಎತ್ತಿ ಕಟ್ಟಿದರು. ಅರ್ಧ ಬಿಲ್ಲೆಗಳನ್ನು ಬೇರೆ ಮಾಡಿಸಿ, ಕೊತ್ತಂಬರಿ, ಕಾಯಿ, ಚಕ್ಕೆ ಲವಂಗ ರುಬ್ಬಿಸಿ, ಕುಕ್ಕರಿಗೆ ಹಾಕಿಸಿದರು. ಹುಡುಗನ ತಾಯಿ, "ಅದನ್ನು ಹಾಗೆ ಬೇಯಿಸ್ಲಿಕ್ಕಿಲ್ಲ ಮಾರಾಯ್ರೆ, ಹಾಳಾಗ್ತದೆ" ಎಂದು ಗೋಗರೆದರು. ಕೇಳುವವರು ಯಾರು? ಕುಕ್ಕರು ಕೂಗಿತು, ಮತ್ತೆ ಕೂಗಿತು. ಪ್ರತಿ ಕೂಗಿಗೂ ಹುಡುಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ದೊಡ್ಡಪ್ಪ ಮಾತ್ರ ಒಲೆಯ ಪಕ್ಕ ನಿಂತು, "ಇನ್ನೊಂದ್ ಉರಿ" ಎನ್ನುತ್ತಿದ್ದರು.

ಮುಚ್ಚಳ ತೆಗೆದಾಗ ಅಷ್ಟು ದಪ್ಪದ ಬಿಲ್ಲೆಗಳು ಕೋಟಿನ ಗುಂಡಿಯಷ್ಟಾಗಿ ತೇಲುತ್ತಿದ್ದವು. ಬಾಗಿಲಲ್ಲಿ ಕಾವಲು ನಿಂತಿದ್ದ ಮಾವ ಕೆಮ್ಮಿದರು. "ಬೆಂದೈತಾ ನೋಡಾದು ಊಟ ಅಲ್ಲ ಕಣಯ್ಯ" ಎಂದು ದೊಡ್ಡಪ್ಪ ನಿಂತುಕೊಂಡೇ ಒಂದನ್ನು ಬಾಯಿಗೆ ಹಾಕಿಕೊಂಡರು. ಅಗಿದರು. ಬಲ ದವಡೆಯಿಂದ ಎಡಕ್ಕೆ ಸಾಗಿಸಿ ಅಗಿದರು. ಕಿವಿ ಅಲ್ಲಾಡುತ್ತಿತ್ತು, ಹಣೆಯಲ್ಲಿ ಬೆವರು ಮೂಡಿತು.

"ಎಂಗದೆ ಭಾವ?" ಅಂದರು ಮಾವ.

ದೊಡ್ಡಪ್ಪ ಕೈಸನ್ನೆಯಲ್ಲೇ ತಡಿ ಅಂದರು. ಉಗುಳಲು ಮಾನ ಬಿಡದು, ನುಂಗಲು ಗಂಟಲು ಬಿಡದು. ಇಡೀ ಸೀಮೆಯ ಕೊಪ್ಪರಿಗೆಗಳಿಗೆ ತೀರ್ಪು ಕೊಟ್ಟ ಬಾಯಿ ಒಂದು ಗುಂಡಿಯ ಹತ್ತಿರ ಸೋತು ನಿಂತಿತ್ತು. ಕೊನೆಗೆ ಒಂದು ಚೊಂಬು ನೀರಿನ ಜೊತೆ ಅದನ್ನು ಒಳಗೆ ತಳ್ಳಿದರು.

"ಸೈಕಲ್ ಟ್ಯೂಬ್ ಆಗೋಯ್ತಲ್ಲಪ್ಪಾ! ಕೆಟ್ ಮ್ಯಾಲೆ ಬುದ್ಧಿ ಬಂತು, ಅಟ್ ಮ್ಯಾಲೆ ಒಲೆ ಉರೀತು. ತಪ್ಪು ನಂದೇಯ. ಎಲ್ಲಿ, ನಿಂದ್ ಮಾಡು, ನೋಡಾನ."

ಹುಡುಗ ಉಳಿದ ಬಿಲ್ಲೆಗಳನ್ನು ಬಟ್ಟೆಯಲ್ಲಿ ಒತ್ತಿ ಒತ್ತಿ ನೀರಾರಿಸಿದ. ಕಬ್ಬಿಣದ ಕಾವಲಿ ಹೊಗೆಯಾಡುವಷ್ಟು ಕಾಯಿಸಿ, ಸ್ವಲ್ಪ ಕೊಬ್ಬರಿ ಎಣ್ಣೆ ಹಾಕಿ, ಒಂದಕ್ಕೊಂದು ತಾಗದ ಹಾಗೆ ಇಟ್ಟ. ಚುಂಯ್ ಎಂದಿತು. ಆಮೇಲೆ ಕೈ ಕಟ್ಟಿ ನಿಂತ. ದೊಡ್ಡಪ್ಪ ತಿರುವಲು ಕೈ ಚಾಚಿದರೆ, "ಮುಟ್ಟಬೇಡಿ ದೊಡ್ಡಪ್ಪ, ಅದೇ ಕಾವಲಿ ಬಿಡ್ತದೆ" ಅಂದ. ದೊಡ್ಡಪ್ಪನ ಕೈಯನ್ನು ಒಲೆಯ ಹತ್ತಿರ ತಡೆದವರನ್ನು ನಾನು ಕಂಡದ್ದು ಅವತ್ತೇ ಮೊದಲು. ಮಗ್ಗುಲು ಮಗುಚಿದಾಗ ಬಿಲ್ಲೆ ಹೊಂಬಣ್ಣಕ್ಕೆ ತಿರುಗಿತ್ತು. ಉಪ್ಪು, ಮೆಣಸಿನ ಪುಡಿ, ನಾಲ್ಕು ಹನಿ ನಿಂಬೆರಸ. ಅಷ್ಟೇ.

ದೊಡ್ಡಪ್ಪ ನಿಂತೇ ಒಂದನ್ನು ತಿಂದರು. ಕಣ್ಣು ಮುಚ್ಚಿತು. ನಿಂತೇ ಇನ್ನೊಂದು ತಿಂದರು. "ಸಿಹಿಯಾಗೈತಲ್ಲಾ" ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಕಣ್ಣು ಬಿಟ್ಟು ಹುಡುಗನನ್ನು ನೋಡಿದರು, ನನ್ನನ್ನು ನೋಡಿದರು, ನೆಲ ನೋಡಿದರು.

"ನಿಂತ್ಕಂಡ್ ತಿನ್ನಾ ಬಾಡಲ್ಲ ಕಣವ್ವ ಇದು" ಎಂದರು ಹುಡುಗನ ತಾಯಿಗೆ. "ಎಲೆ ಆಕು."

"ಭಾವಾ! ಕೂತ್ಕಂಬುಟ್ರಲ್ಲಾ!" ಎಂದು ಮಾವ ಹೌಹಾರಿದರು.

"ಮಂಡಿನೋವು ಕಣಯ್ಯ" ಎನ್ನುತ್ತ ದೊಡ್ಡಪ್ಪ ಚಕ್ಕಳಮಕ್ಕಳ ಹಾಕಿದರು. ಕಪ್ಪೆಚಿಪ್ಪಿನ ಬಾಡಾಯಿತು, ಮೀನಿನ ಸಾರಾಯಿತು, ಅನ್ನ ಮಜ್ಜಿಗೆಯಾಯಿತು. ಅಪ್ಪ ಹಜಾರದಲ್ಲಿ ಅಣ್ಣನನ್ನೇ ನೋಡುತ್ತ ಬಾಯಿ ತೆರೆದು ಕೂತಿದ್ದರು. ಕೊನೆಗೆ ದೊಡ್ಡಪ್ಪ ಹಿತ್ತಲಿಗೆ ಹೋಗಿ ಕೈ ಚಾಚಿದರು, ಹುಡುಗನ ತಾಯಿ ನೀರು ಹುಯ್ದರು. ಮಾವ ತಲೆ ಮೇಲೆ ಕೈ ಹೊತ್ತರು.

"ಮುಗೀತಲ್ಲ ಭಾವ!"

"ಊಂ, ಮುಗೀತು. ಉಂಡ್ ಮನೆಗೆ ಎರಡು ಬಗೆಯಕ್ಕಾದದಾ? ದಿನ ಗೊತ್ತ್ ಮಾಡಿ." ನಾನು ಬಾಗಿಲ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆನೋ ಅತ್ತೆನೋ ಈಗಲೂ ತಿಳಿಯದು.

ಈ ಕತೆ ನಮಗಿಂತ ಮೊದಲೇ ಬಾಗೂರು ತಲುಪಿತ್ತು. "ಒಂದ್ ತಟ್ಟೆ ಕಪ್ಪೆಚಿಪ್ಗೆ ಮನೆ ಎಣ್ಣ ಕೊಟ್ಬುಟ್ಟ" ಎಂದು ಜನ ಬಿದ್ದು ಬಿದ್ದು ನಕ್ಕರು. ಮುಂದೆ ಯಾವ ಬೀಗರೂಟದಲ್ಲೂ ಬಡಿಸುವವರು, "ದೊಡ್ಡಯ್ಯ, ನೋಡ್ಕಂಡ್ ತಿನ್ನಿ, ಇನ್ನೊಂದ್ ಎಣ್ಣು ಓದಾತು" ಎನ್ನದೆ ಬಿಡುತ್ತಿರಲಿಲ್ಲ. "ಏನ್ ಮಾಡಾನ್ರಲಾ, ನಾಲ್ಗೆ ನನ್ ಮಾತ್ ಕೇಳ್ನಿಲ್ಲ" ಎಂದು ದೊಡ್ಡಪ್ಪ ತಾವೂ ನಗುತ್ತಿದ್ದರು. ಆ ನಗುವಿನಲ್ಲಿ ಜಾತಿಯ ಜಗಳ ಯಾರಿಗೂ ನೆನಪಾಗಲಿಲ್ಲ. ಅಪ್ಪನನ್ನು ಯಾರೂ ಬಯ್ಯಲಿಲ್ಲ, ನನ್ನನ್ನು ಯಾರೂ ದೂರ ಇಡಲಿಲ್ಲ. ತಪ್ಪೆಲ್ಲ ದೊಡ್ಡಪ್ಪನ ನಾಲಿಗೆಯದು. ಬಾಗಿಲಿಗೆ ಬರಬೇಡಿ ಎಂದಿದ್ದ ಮಾವ ಮದುವೆಯ ಚಪ್ಪರದಲ್ಲಿ ನಿಂತು ಸೈಕಲ್ ಟ್ಯೂಬಿನ ಪ್ರಸಂಗವನ್ನು ಅಭಿನಯಿಸಿ ತೋರಿಸಿದರು. ನಾನೂ ದೊಡ್ಡಪ್ಪನನ್ನು ಕಿಚಾಯಿಸಿದವಳೇ.

ಹೋದ ವರ್ಷ ದೊಡ್ಡಪ್ಪ ತೀರಿಕೊಂಡರು. ತಿಥಿಯ ದಿನ ಪಂಕ್ತಿಯಲ್ಲಿ ಯಾರೋ ಅದೇ ತಮಾಷೆ ತೆಗೆದರು, ಎಲ್ಲರೂ ನಕ್ಕರು. ಒಳಗೆ ದೊಡ್ಡಮ್ಮನ ಪಕ್ಕ ಕೂತಿದ್ದ ನನಗೆ ಸಂಕಟವಾಯಿತು. ಸತ್ತ ಮೇಲೂ ಹೊಟ್ಟೆಬಾಕ ಅನ್ನಬೇಕೇ?

"ನಗ್ಲಿ ಬುಡವ್ವ" ಅಂದರು ದೊಡ್ಡಮ್ಮ. "ಅವ್ರಿಗೆ ಬೇಕಾಗಿದ್ದುದ್ದೂ ಅದೇಯ."

ನಾನು ಅವರ ಮುಖ ನೋಡಿದೆ.

"ಅವತ್ತು ನಿಮ್ಮ ಜೊತೆ ಒಂಟಾಗ ರೊಟ್ಟಿ ತಟ್ಟಿದ್ದೆ. ಮುಟ್ನಿಲ್ಲ. ಇದ್ಯಾಕೆ, ಯಾವತ್ತೂ ಬುಟ್ಟೋರಲ್ಲ, ಮೈಗ್ ಉಸಾರಿಲ್ವಾ ಅಂದೆ. 'ಒಲ್ಲೆ ಅನ್ನಕ್ಕೆ ಓಗೋನು ಉಂಡ್ಕಂಡ್ ಓಯ್ತಾನೆ ಕಣೇ. ನಾನು ಉಣ್ಣಕ್ಕೇ ಓಯ್ತಾ ಇವ್ನಿ' ಅಂದ್ರು. ನಾನಿರೋಗಂಟ ಇದ್ನ ಯಾರ್ಗೂ ಏಳ್ಬೇಡ ಅಂದ್ರು."

ಕುಕ್ಕರಿನ ಪೆದ್ದುತನ ಮಾತ್ರ ನಿಜವೇ ಇರಬೇಕು. ಅಷ್ಟು ಹೊತ್ತು ಸುಳ್ಳಿಗೆ ಅಗಿಯಲು ಯಾರಿಂದಲೂ ಆಗದು. ಉಳಿದದ್ದೆಲ್ಲ ನನಗಾಗಿ. ಮಾನವಂತ ಮನುಷ್ಯ, ಊರೆಲ್ಲ ತೀರ್ಪಿಗೆ ಕಾಯುತ್ತಿದ್ದ ಮನುಷ್ಯ, ಸಾಯುವವರೆಗೂ ನನ್ನ ಪಾಲಿಗೆ ಬರಬೇಕಿದ್ದ ಮಾತನ್ನು ತಮ್ಮ ನಾಲಿಗೆಯ ಮೇಲೆ ಹಾಕಿಕೊಂಡು ನಕ್ಕಿದ್ದರು. ನಾನು ದೊಡ್ಡಮ್ಮನ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಹೊರಗೆ ಪಂಕ್ತಿಯಲ್ಲಿ ಮಾವ ದವಡೆ ಆಡಿಸುತ್ತ ಆ ಕತೆಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದ್ದರು, ನನ್ನ ಗಂಡ ಅವರ ಎಲೆಗೆ ಬಡಿಸುತ್ತಿದ್ದ.