ಮಾವನವರ ಉಪ್ಪುನೀರಿನ ಮೀನು

ಕುಕ್ಕರಗಾಲಲ್ಲಿ ಕೂತರೆ ನಮ್ಮ ಮಾವನವರ ಮೊಣಕಾಲು ಕಿವಿಯ ಮಟ್ಟಕ್ಕೆ ಬರುತ್ತಿತ್ತು. ಅಷ್ಟು ಉದ್ದ ಕಾಲು, ಮೂಗೂ ಹಾಗೆಯೇ. ಆ ಮೂಗನ್ನು ಗಾಜಿನ ತೊಟ್ಟಿಯಿಂದ ಒಂದು ಗೇಣು ದೂರದಲ್ಲಿಟ್ಟು, ಉಸಿರು ಬಿಗಿಹಿಡಿದು, ತಿಂಡಿ ಆರಿ ತಣ್ಣಗಾಗುವವರೆಗೆ ಕೂತಿರುತ್ತಿದ್ದರು. ಕರೆದರೆ ತುಟಿಗೆ ಬೆರಳಿಡುತ್ತಿದ್ದರು. ತೊಟ್ಟಿಯಲ್ಲಿ ಮೀನಿತ್ತು. ಇದೆಯೆಂದು ಅವರು ಹೇಳುತ್ತಿದ್ದರು.

ಎಂಬತ್ತರ ದಶಕದ ಮೊದಲಲ್ಲಿ ನಾನು ಜಗಳೂರಿನಿಂದ ಚನ್ನಗಿರಿಯ ಆ ಮನೆಗೆ ಸೊಸೆಯಾಗಿ ಬಂದೆ. ಬಟ್ಟೆ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು ಮಾವನವರು ಆಗಷ್ಟೇ ಗೋಕರ್ಣಕ್ಕೆ ಹೋಗಿ ಬಂದಿದ್ದರು. ಬೇರೆಯವರು ಪ್ರಸಾದ ತಂದರೆ ಇವರು ಕಡಲ ಬಂಡೆಯ ಗುಳಿಯಲ್ಲಿದ್ದ ಬೆರಳುದ್ದದ ಮೀನೊಂದನ್ನು ನೀರಿನ ಸಮೇತ ಕ್ಯಾನಿನಲ್ಲಿ ತಂದಿದ್ದರು. ನಡುಮನೆಗೆ ತೊಟ್ಟಿ ಬಂತು, ಗಾಳಿ ಊದುವ ಮೋಟಾರು ಬಂತು. ಮೀನು ಮಾತ್ರ ತೊಟ್ಟಿಯೊಳಗಿಟ್ಟ ಕಲ್ಲಿನ ತೂತು ಸೇರಿದ್ದು ಹೊರಗೆ ಬರಲೇ ಇಲ್ಲ. ಕಂಡರೆ ಎರಡು ಕಣ್ಣು ಕಾಣುತ್ತಿದ್ದವು. ಬೇಯಿಸಿದ ಸೊಪ್ಪು ಹಾಕಿ ಎಲ್ಲರೂ ಆಚೆ ಹೋದ ಮೇಲೆ ಸೊಪ್ಪು ಖಾಲಿಯಾಗಿರುತ್ತಿತ್ತು. "ನಮ್ಮಂಗೇ ಸೊಪ್ಪು ತಿಂತೈತೆ" ಎಂದು ಮಾವನವರು ಬೀಗುತ್ತಿದ್ದರು.

ಆ ಎರಡು ಕಣ್ಣಿಗಾಗಿ ಮನೆಮಂದಿಯೆಲ್ಲ ಕಳ್ಳರ ಹಾಗೆ ಓಡಾಡಬೇಕು. ರುಬ್ಬುಗುಂಡು ಸದ್ದು ಮಾಡಬಾರದು, ಪಾತ್ರೆ ಬೀಳಬಾರದು, ಕೆಂಪು ಸೀರೆಯುಟ್ಟು ನಡುಮನೆ ದಾಟಬಾರದು. ಅತ್ತೆ ಗೊಣಗಿದರೆ, ಅದಕ್ಕಿನ್ನೂ ನಮ್ಮ ಗುರುತಿಲ್ಲ ಎನ್ನುತ್ತಿದ್ದರು.

ನೀರು ಬದಲಿಸಬೇಕಲ್ಲ, ಅದಕ್ಕೆ ಪೇಟೆಗೆ ಮೀನು ತರುವ ಲಾರಿಯವನನ್ನು ಗೊತ್ತು ಮಾಡಿದ್ದರು. ಅವನು ಸಮುದ್ರದ ನೀರಿನ ಕ್ಯಾನುಗಳನ್ನು ನಮ್ಮ ಬಾಗಿಲಲ್ಲೇ ಇಳಿಸುತ್ತಿದ್ದ. ಮೊಟ್ಟೆಯೂ ಹೊಸ್ತಿಲು ದಾಟದ ಲಿಂಗವಂತರ ಮನೆ ಮುಂದೆ ಮೀನಿನ ಲಾರಿ! ಕೇರಿಯವರು ಏನೆಂದುಕೊಂಡರೆಂದು ಬೇರೆ ಹೇಳಬೇಕಿಲ್ಲ.

ನಾದಿನಿಯನ್ನು ನೋಡಲು ಹೊನ್ನಾಳಿಯಿಂದ ಗಂಡಿನ ಕಡೆಯವರು ಬಂದ ದಿನವೇ ಲಾರಿಯೂ ಬಂತು. ಗಂಡಿನ ದೊಡ್ಡಪ್ಪ ಮೂಗು ಮುಚ್ಚಿಕೊಂಡರು. ಇದು ಸಾಕುವ ಮೀನಿನ ನೀರು ಎಂದು ಮಾವನವರು ವಿವರಿಸಿದರೆ, ಎಲ್ಲಿದೆ ಮೀನು ತೋರಿಸಿ ಎಂದರು. ಬಂದವರನ್ನೆಲ್ಲ ತೊಟ್ಟಿಯ ಮುಂದೆ ಚಾಪೆಯ ಮೇಲೆ ಕೂರಿಸಿ, ಮಾತಾಡಬೇಡಿ ಎಂದದ್ದಾಯಿತು. ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ ಮಗಳನ್ನೂ ಕೈಸನ್ನೆ ಮಾಡಿ ಬಾಗಿಲಲ್ಲೇ ನಿಲ್ಲಿಸಿದರು. ಮೀನು ಬರಲಿಲ್ಲ. ಬೇಸತ್ತ ದೊಡ್ಡಪ್ಪ ಉಂಗುರದ ಬೆರಳಿನಿಂದ ಗಾಜನ್ನು ಟಕಟಕ ಬಡಿದರು.

"ಕೈ ತೆಗೀರಿ. ಹೆದರ್ತೈತೆ" ಎಂದು ಮಾವನವರು ಗದರಿದರು, ಬೀಗರಾಗಬೇಕಾದವರನ್ನು.

ಸಂಬಂಧ ಅಲ್ಲಿಗೆ ಮುರಿಯಿತು. ನಾದಿನಿ ಕೋಣೆ ಸೇರಿ ಅತ್ತಳು. ಮೀನಿರಬೇಕು, ಇಲ್ಲ ತಾನಿರಬೇಕು ಎಂದರು ಅತ್ತೆ. ಮಾವನವರು ಆ ದಿನ ಉಣ್ಣಲಿಲ್ಲ. ಮರುದಿನ, ತಂದಲ್ಲಿಗೇ ಬಿಟ್ಟು ಬರುತ್ತೇನೆ ಎಂದು ಒಪ್ಪಿಕೊಂಡರು.

ಅಂದು ಮಧ್ಯಾಹ್ನ ಕರೆಂಟು ಹೋಯಿತು. ಆಗೆಲ್ಲ ಮೋಟಾರು ನಿಲ್ಲುತ್ತಿದ್ದುದರಿಂದ ಪ್ಲಾಸ್ಟಿಕ್ ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಎತ್ತರದಿಂದ ಸುರಿಯುವ ಕೆಲಸ ನನ್ನ ತಲೆಗೇ ಬಿದ್ದಿತ್ತು. ಮನಸ್ಸಿನಲ್ಲೇ ಬೈಯುತ್ತಾ ಸುರಿಯುತ್ತಿದ್ದೆ. ಮೀನು ಎಂದಿನಂತೆ ಹೊರಬಂದು ನನ್ನ ಬಳೆಗಳ ಸುತ್ತ ಸುಳಿದಾಡತೊಡಗಿತು. ನನಗೆ ಅದು ಹೊಸತಲ್ಲ. ಆದರೆ ಮಾವನ ಎದುರು ನಿಂತು ಮಾತಾಡುವ ರೂಢಿ ಸೊಸೆಗೆ ಇರಲಿಲ್ಲ, ಹಾಗಾಗಿ ಹೇಳಿರಲಿಲ್ಲ. ತಿರುಗಿದರೆ ಅವರು ಬಾಗಿಲಲ್ಲಿ ನಿಂತಿದ್ದರು.

"ಹಿಂಗೆ ಈಜ್ತೈತೇನವ್ವಾ ಇದು" ಎಂದರು.

ಇನ್ನು ಮೀನನ್ನು ಕಳಿಸುವುದಿಲ್ಲ, ನನ್ನ ಗತಿ ಮುಗಿಯಿತು ಎಂದುಕೊಂಡೆ. ಅವರು ಬಹಳ ಹೊತ್ತು ನೋಡಿ, "ಇಷ್ಟಗಲದಾಗೆ ಹಿಂಗಾದ್ರೆ ಅಲ್ಲಿ ಹೆಂಗೆ ಈಜ್ತಿತ್ತೋ" ಎಂದು ಕ್ಯಾನು ತೊಳೆಯಲು ಹೋದರು. ನಿನ್ನ ಕೈಗೆ ಹೊಂದಿಕೊಂಡಿದೆ, ನೀನೂ ಬಾ ಎಂದರು. ಮೀನು ನಿಜವಾಗಿ ಹೋಗುತ್ತದೋ ಇಲ್ಲವೋ ನೋಡಲು ಅತ್ತೆಯೂ ಹೊರಟರು.

ಜಗಳೂರಿನ ಒಣನೆಲದವಳು ನಾನು, ಸಮುದ್ರ ಕಂಡದ್ದು ಅಂದು ಗೋಕರ್ಣದಲ್ಲೇ ಮೊದಲು. ನೆಮ್ಮದಿಯಾಗಿ ನೋಡಲು ಬಿಟ್ಟರೆ ತಾನೇ. ಗುಳಿಗೆ ಕ್ಯಾನು ಬಗ್ಗಿಸಿದ ಕೂಡಲೇ ಮೀನು ಬಂಡೆಯ ಸಂದಿಗೆ ನುಗ್ಗಿತು. ಮಾವನವರು ಪಂಚೆ ಎತ್ತಿಕಟ್ಟಿ, ಇನ್ನೊಮ್ಮೆ ನೋಡಬೇಕೆಂದು ಅಲ್ಲೇ ಕೂತುಬಿಟ್ಟರು. ಬಸ್ಸಿಗೆ ಹೊತ್ತಾಯಿತೆಂದು ಅತ್ತೆ ದಡದಿಂದ ಕೂಗಿದರು. ನೀರು ಏರಿ ಪಂಚೆ ತೊಯ್ದಿತು. ಒಂದು ಅಲೆ ಬಂದು ಎದೆಗೇ ಬಡಿದಾಗ ನಾನು ಅವರ ರಟ್ಟೆ ಹಿಡಿದು ಎಳೆದೆ.

"ಏಳ್ರಿ ಮಾವಾರೇ, ಸಾಕು. ಅದು ಬರಲ್ಲ, ನೀವೇ ಹೋಗ್ತೀರಿ."

ಅತ್ತೆ ದಂಗಾಗಿ ನಿಂತರು. ಮಾವನವರು ತೆಪ್ಪಗೆ ಎದ್ದು ಬಂದರು. ಪಂಚೆ ಹಿಂಡುತ್ತಾ, "ಪರವಾಗಿಲ್ಲ, ನಿಂಗೂ ಬಾಯಿ ಐತೆ" ಎಂದರು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ನಾನು ಬಾಯಿಬಿಟ್ಟು ಮಾತಾಡಿದೆ. ನಶ್ಯಕ್ಕೆ, ತಪ್ಪಿಸಿದ ಊಟಕ್ಕೆ, ಮಳೆಯಲ್ಲಿ ಕೊಡೆ ಮರೆತದ್ದಕ್ಕೆ ಅವರನ್ನು ಬೈಯುತ್ತಿದ್ದೆ. ಯಾರ ಮಾತೂ ಕೇಳದವರು ನಗುತ್ತಾ ನನ್ನ ಮಾತು ಕೇಳುತ್ತಿದ್ದರು. ನಾದಿನಿಗೆ ತ್ಯಾವಣಿಗೆಯಲ್ಲಿ ಒಳ್ಳೆಯ ಮನೆಯೇ ಸಿಕ್ಕಿತು.

ನಾನು ಹೆರಿಗೆಗೆ ತವರಿಗೆ ಹೋಗಿದ್ದಾಗ ಮಾವನವರು ತೀರಿಕೊಂಡರು. ಹಸುಗೂಸನ್ನು ಎತ್ತಿಕೊಂಡು ಬಂದಾಗ ಅವರನ್ನು ವಿಭೂತಿ ಹಚ್ಚಿ ಗೋಡೆಗೊರಗಿಸಿ ಕೂರಿಸಿದ್ದರು. ನಾನು ದನಿ ತೆಗೆದು ಅತ್ತಾಗ, ಸೊಸೆಯಾದವಳು ಗಂಡಸರ ಮುಂದೆ ಹೀಗೆ ಮಾಡಬಾರದೆಂದು ಯಾರೋ ಹೆಂಗಸರು ನನ್ನನ್ನು ಒಳಗೆ ಎಳೆದರು.

"ಬಿಡ್ರಿ ಅವಳ್ನ" ಎಂದರು ಅತ್ತೆ. "ಅವರಿಗೇನು ಹೇಳಾಕೈತೋ ಹೇಳ್ಲಿ."

ಮಗುವನ್ನು ಅತ್ತೆಯ ತೊಡೆಗೆ ಹಾಕಿ, ಮಾವನವರೆದುರು ಕೂತು, ನಾನು ಬರುವವರೆಗೆ ಕಾಯದೆ ಹೋದದ್ದಕ್ಕೆ ಮನಸಾರೆ ಬೈದೆ.