ಪೆಸ್ತ್ರೂಹಾಳ ದನಿ

ವ್ಯಾತ್ಕಾ ನದಿ ದಂಡೆಯ ಸ್ತಾರಿ ಲೂಗ್ ಪಟ್ಟಣದ ರೇಡಿಯೋಗೆ ವೆನಿಯಾಮಿನ್ ಲೂಕಿಚ್ ಸೇರಿದ್ದು ಸುದ್ದಿ ಓದುವುದಕ್ಕೆ. ದನಿ ಚೆನ್ನಾಗಿತ್ತು, ಉಚ್ಚಾರ ಸ್ಪಷ್ಟವಾಗಿತ್ತು. ಅವನನ್ನು ಕೆಡಿಸಿದ್ದು ಒಂದು ಹಸು.

೧೯೬೨ರ ಜನವರಿಯಲ್ಲಿ ಸಂಪಾದಕ ಫೋಕಿಚ್ ಅವನನ್ನು ಪಕ್ಕದ ಹಳ್ಳಿಯ ಸಾಮೂಹಿಕ ಕೊಟ್ಟಿಗೆಗೆ ಅಟ್ಟಿದ. ಅಲ್ಲಿನ ಪೆಸ್ತ್ರೂಹಾ ಎಂಬ ಹಸು ಇಡೀ ಜಿಲ್ಲೆಯಲ್ಲೇ ಹೆಚ್ಚು ಹಾಲು ಕೊಟ್ಟಿತ್ತು. "ಬರೀ ಅಂಕಿಅಂಶ ಬೇಡ, ಹಸು ದನೀನೂ ಬೇಕು" ಎಂದಿದ್ದ. ವೆನಿಯಾಮಿನ್ ಕೊರೆಯುವ ಚಳಿಯಲ್ಲಿ ಮೂರು ಗಂಟೆ ಮೈಕು ಹಿಡಿದು ನಿಂತ. ಪೆಸ್ತ್ರೂಹಾ ಮೆಲುಕು ಹಾಕಿತೇ ಹೊರತು ತುಟಿಪಿಟಕ್ಕೆನ್ನಲಿಲ್ಲ. ಬಸ್ಸು ತಪ್ಪೀತೆಂದು ಕೊನೆಗೆ ತಾನೇ ಮೈಕಿಗೆ ಬಾಯಿಟ್ಟು "ಅಂಬಾ" ಎಂದು ಕೂಗಿ, ಟೇಪು ಸುತ್ತಿಕೊಂಡು ಬಂದ.

ಕೇಳುಗರು ಕರಗಿಹೋದರು. ಆ ಕೂಗಿನಲ್ಲಿ ತಾಯ್ನಾಡನ್ನೇ ಕಂಡೆ ಎಂದು ನಿವೃತ್ತ ಶಿಕ್ಷಕಿಯೊಬ್ಬಳು ಪತ್ರ ಬರೆದಳು. ಅಲ್ಲಿಂದಾಚೆ ಪ್ರತಿ ಶನಿವಾರ ಬೆಳಗ್ಗೆ ಪೆಸ್ತ್ರೂಹಾ ಕೂಗಲೇಬೇಕಾಯಿತು.

ಎರಡನೇ ವರ್ಷ ಹಸು ಸತ್ತಿತು. ವೆನಿಯಾಮಿನ್ ನಿರಾಳವಾಗಿ ಸುದ್ದಿ ತಂದ.

"ಸಾಯೋದಾ? ಯಾರನ್ನ ಕೇಳಿ ಸತ್ತಿತು?" ಫೋಕಿಚ್ ಎದ್ದುನಿಂತ. "ಮುಂದಿನ ವರ್ಷದ ಯೋಜನೇಲಿ ಅದರ ಹೆಸರಿದೆ ಕಣಯ್ಯಾ!"

"ನಾನೇನ್ ಮಾಡ್ಲಿ ಅದಕ್ಕೆ?"

"ಕೂಗು."

ಒಂಬತ್ತು ವರ್ಷ ಕೂಗಿದ. ವಸಂತದಲ್ಲಿ ಉಲ್ಲಾಸದಿಂದ, ಮೇವು ಕಡಿಮೆಯಾದಾಗ ಸಂಯಮದಿಂದ. ಅವನಿಗೆ ನೆಗಡಿಯಾದ ವಾರ ಪಶುವೈದ್ಯನೊಬ್ಬ ಕಚೇರಿಗೆ ಔಷಧಿ ಕಳಿಸಿದ. ಅವನು ಓದಿದ ಸುದ್ದಿ ಯಾರ ನೆನಪಲ್ಲೂ ಉಳಿಯುತ್ತಿರಲಿಲ್ಲ; ಹಸುವಿಗೆ ಮಾತ್ರ ಮೂರು ಪ್ರಶಸ್ತಿಪತ್ರ ಬಂದವು. ಅದರ ಪರವಾಗಿ ವೇದಿಕೆ ಹತ್ತಿ ಅವುಗಳನ್ನು ಪಡೆದವನೂ, ಒಳಗೊಳಗೇ ಹೊಟ್ಟೆಕಿಚ್ಚುಪಟ್ಟವನೂ ಅವನೇ.

ಒಂಬತ್ತನೇ ವರ್ಷ ನೆರೆಜಿಲ್ಲೆಯಿಂದ ಹಾಲು ಕರೆಯುವ ಹೆಂಗಸರ ತಂಡ ಪೆಸ್ತ್ರೂಹಾಳನ್ನು ನೋಡಲು ಬಂತು. ಕೊಟ್ಟಿಗೆಯ ಅಧ್ಯಕ್ಷ ಅದೇ ಬಣ್ಣದ ಬೇರೊಂದು ಹಸುವಿನ ಮೈತೊಳೆಸಿ ನಿಲ್ಲಿಸಿದ; ವೆನಿಯಾಮಿನ್ ಹುಲ್ಲಿನ ಬಣವೆಯ ಹಿಂದೆ ಅಡಗಿ ಕುಳಿತ. ಸನ್ನೆಯಾಯಿತು, ಕೂಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಫೆವ್ರೋನ್ಯಾ ಎಂಬ ಗಟ್ಟಿಗಿತ್ತಿ ಮಾತ್ರ ನೇರವಾಗಿ ಬಣವೆಯ ಹಿಂದಕ್ಕೆ ಬಂದಳು.

"ಏಳಯ್ಯಾ ಮೇಲೆ. ಹುಟ್ಟಿದಾಗಿಂದ ಹಸುಗಳ ಜೊತೆ ಇದೀನಿ. ಹಾಲು ಕೊಡೋ ಹಸು ಹಿಂಗೆ ಕೂಗಲ್ಲ. ಇದು ಒಂಟಿ ಗಂಡಸಿನ ಕೂಗು."

"ಮೆತ್ತಗಮ್ಮಾ! ಕೆಲಸ ಹೋಗುತ್ತೆ ನಂದು."

"ಊಟ ಮಾಡಿದೀಯಾ?"

ಮಾಡಿರಲಿಲ್ಲ. ಅವಳು ಗಂಟು ಬಿಚ್ಚಿ ಎಲೆಕೋಸಿನ ಕಡುಬು ಕೊಟ್ಟಳು. ತಿನ್ನುತ್ತಾ ಅವನು ನಡೆದದ್ದೆಲ್ಲ ಹೇಳಿಕೊಂಡ. ಅವಳು ಬಿಕ್ಕಳಿಕೆ ಹತ್ತುವಷ್ಟು ನಕ್ಕಳು.

ಆ ವಸಂತದಲ್ಲೇ ಮದುವೆಯಾಯಿತು. ಅವಳ ಮಾತಿನಂತೆ ಒಂದು ಶನಿವಾರ ಅವನು ಗಂಭೀರವಾಗಿ, ಪೆಸ್ತ್ರೂಹಾ ನಿವೃತ್ತಿ ಪಡೆದಿದೆ ಎಂದು ಓದಿಬಿಟ್ಟ. ಸಾವಿಗೆ ಒಪ್ಪದ ಫೋಕಿಚ್ ನಿವೃತ್ತಿಗೆ ತಕರಾರು ಮಾಡಲಿಲ್ಲ, ಅದಕ್ಕೆ ನಿಯಮವಿತ್ತು. ನಿಯಮದ ಪ್ರಕಾರವೇ ಪ್ರತಿ ಚಳಿಗಾಲ ನಿವೃತ್ತ ಹಸುವಿನ ಹೆಸರಿಗೆ ಒಂದು ಗಾಡಿ ಹುಲ್ಲು ಬಂದು ರೇಡಿಯೋ ಕಚೇರಿಯ ಬಾಗಿಲಿಗೆ ಬೀಳತೊಡಗಿತು. ಫೆವ್ರೋನ್ಯಾ ಎರಡು ಮೇಕೆ ಕಟ್ಟಿದಳು.

ವೆನಿಯಾಮಿನ್ ಮತ್ತೆ ಇಪ್ಪತ್ತು ವರ್ಷ ಸುದ್ದಿಯನ್ನಷ್ಟೇ ಓದಿದ. ಕೇಳುಗರಿಂದ ಒಂದು ಪತ್ರವೂ ಬರಲಿಲ್ಲ. ಫೆವ್ರೋನ್ಯಾ ಮಾತ್ರ ಅಡುಗೆಮನೆಯ ರೇಡಿಯೋ ಜೋರು ಮಾಡಿ ಕೊನೇತನಕ ಕೇಳುತ್ತಿದ್ದಳು. ಅವನು ಮನೆಗೆ ಬಂದು ಬೂಟು ಬಿಚ್ಚುವ ಮೊದಲೇ, ಆಲೂಗಡ್ಡೆ ಬೆಳೆಯ ಬಗ್ಗೆ ಅಷ್ಟು ಸುಳ್ಳು ಹೇಗೆ ಓದಿದೆ ಎಂದು ಜಗಳ ತೆಗೆಯುತ್ತಿದ್ದಳು.