ಬುಟ್ಟಿ ತೂಕ

ಮೊನ್ನೆ ಚಿಂತಾಮಣಿಯ ಡಾಕ್ಟರ್ ಶಾಪಿನಲ್ಲಿ ನಮ್ಮವರನ್ನು ತೂಕದ ಮಿಷನ್ ಮೇಲೆ ನಿಲ್ಲಿಸಿದರು. ಮುಳ್ಳು ಐವತ್ತೇಳಕ್ಕೆ ನಿಂತಿತು. "ತುಂಬಾ ಇಳಿದಿದ್ದೀರಿ ಯಜಮಾನ್ರೇ, ಊಟ ಸೇರ್ತಿಲ್ವ?" ಎಂದರು ಡಾಕ್ಟರು. ನಮ್ಮವರೋ, ಬಹುಮಾನ ಬಂದವರ ಹಾಗೆ ನನ್ನ ಕಡೆ ತಿರುಗಿ, "ನನ್ನ ಹಳೇ ಕ್ಲಾಸಿಗೆ ಬಂದ್ಬಿಟ್ಟೆ ಕಣೇ!" ಎಂದರು. ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ನನಗೆ ಮಾತ್ರ ಆಯಿತು.

ನಿಮಗಾದರೂ ಹೇಳಿಬಿಡುತ್ತೇನೆ, ಕೇಳಿ. ನಾನು ಜಂಗಮಕೋಟೆಯ ಸೊಸೆಯಾಗಿ ಬಂದದ್ದು ಅರವತ್ತರ ದಶಕದಲ್ಲಿ. ಸೇರು, ಮಣ ಹೋಗಿ ಕೆಜಿ ಬಂದ ಹೊಸತು. ನಮ್ಮವರು ಮಿಲಿಟರಿಯಲ್ಲಿದ್ದರು, ಅಲ್ಲಿ ಬಾಕ್ಸಿಂಗ್ ಆಡುತ್ತಿದ್ದರು. ಗಂಡ ಗುದ್ದಾಡುತ್ತಾನೆ ಎಂದು ತವರಿನಲ್ಲಿ ಹೇಳಿಕೊಳ್ಳಲು ನನಗೆ ನಾಚಿಕೆ. ಮನೆಯಲ್ಲಿ ನೊಣ ಓಡಿಸಲೂ ಯೋಚಿಸುವ ಮನುಷ್ಯ. ಆದರೆ ಐವತ್ತೇಳು ಕೆಜಿಯೊಳಗಿನವರ ಕ್ಲಾಸಿನಲ್ಲಿ ಅವರ ಎಡಗೈ ಗುದ್ದು ಬಿದ್ದರೆ ಎದುರಿನವನು ಕೂತೇಬಿಡುತ್ತಿದ್ದನಂತೆ.

ಆ ವರ್ಷ ಎರಡು ತಿಂಗಳ ರಜೆಗೆ ಬಂದರು. ವಾಪಸು ಹೋದ ವಾರಕ್ಕೇ ದೊಡ್ಡ ಪಂದ್ಯ. ಗೆದ್ದರೆ ರೆಜಿಮೆಂಟಿನ ತಂಡದಲ್ಲಿ ಜಾಗ ಖಾಯಂ. ತೂಕ ಮಾತ್ರ ಐವತ್ತೇಳು ದಾಟಬಾರದು. ಹಾಗಾಗಿ ಭಾನುವಾರಕ್ಕೊಮ್ಮೆ ನಮ್ಮ ಮಾವ ರೇಷ್ಮೆಗೂಡು ತೂಗುವ ದೊಡ್ಡ ತಕ್ಕಡಿಯಲ್ಲಿ ಮಗನನ್ನು ತೂಗುವರು. ಬರಿಯ ತಟ್ಟೆಯಲ್ಲಿ ಕೂತರೆ ಕಾಲು ನೆಲಕ್ಕೆ ತಾಗುತ್ತಿತ್ತು. ಅದಕ್ಕೆ ಗೂಡಿನ ಬುಟ್ಟಿಯೊಳಗೇ ಮಡಚಿ ಕೂರಿಸುವರು. ಮಾವ ಸಂಖ್ಯೆ ಕೂಗಿ ಹಿಪ್ಪುನೇರಳೆ ತೋಟಕ್ಕೆ ಹೋಗುವರು. ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆಯುವುದು ನನ್ನ ಕೆಲಸ, ಎಂಟನೇ ಕ್ಲಾಸು ಓದಿದವಳಲ್ಲವೇ.

ಮೊದಲ ಭಾನುವಾರ ಮಾವ ಐವತ್ತೇಳು ಎಂದರು. ಬುಟ್ಟಿಯ ತೂಕ ಮೂರು ಕೆಜಿ. ಜಾಣೆ ನಾನು, ಕಳೆದು ಐವತ್ತನಾಲ್ಕು ಎಂದು ಬರೆದೆ. ಅತ್ತೆ ಬಾಯಿ ಬಡಿದುಕೊಂಡರು. "ಮೂರು ಕೆಜಿ ಎಲ್ಲೋಯ್ತೇ? ಮಿಲಿಟ್ರಿಯೋರು ನನ್ ಮಗನ್ನ ಒಣಗಿಸಿ ಕಳ್ಸವ್ರೆ! ತಿನು ನಾಯನಾ, ತಿನು!" ಅಂದಿನಿಂದ ಶುರುವಾಯಿತು ನೋಡಿ, ಮುದ್ದೆಗೆ ತುಪ್ಪ, ಒಬ್ಬಟ್ಟು, ನಾಟಿಕೋಳಿ ಸಾರು. ಬಡಿಸುವವಳು ನಾನು. ತುಂಬಿದ ಮನೆಯಲ್ಲಿ ಹೊಸ ಸೊಸೆ ಗಂಡನ ಮುಖವನ್ನು ಕಣ್ತುಂಬ ನೋಡಲು ಸಿಗುತ್ತಿದ್ದುದು ಆ ಹೊತ್ತು ಮಾತ್ರ.

ರಜೆ ಮುಗಿಯಲು ಒಂದು ವಾರವಿತ್ತು. ಗೂಡು ತೂಗುತ್ತಿದ್ದ ಮಾವ ಸಂಖ್ಯೆ ಕೂಗಿದಾಗ, "ಬುಟ್ಟಿ ತೂಕ ಕಳೀಲಾ ಮಾವ?" ಎಂದೆ. "ಕಳ್ದೇ ಹೇಳ್ತೀನಲ್ಲಮ್ಮ ಯಾವಾಗ್ಲೂ!" ಎಂದರು. ಅಂದರೆ ಗೋಡೆಯ ಮೇಲೆ ಹಿಂದಿನ ಭಾನುವಾರ ನಾನು ಬರೆದ ಐವತ್ತೇಳು ನಿಜವಾಗಿ ಅರವತ್ತು. ಹೇಳಬೇಕಿತ್ತು. ಹೇಳಿದರೆ ಅವರು ಊಟ ಬಿಡುತ್ತಾರೆ, ನಾನು ಬಡಿಸುವುದೂ ನಿಲ್ಲುತ್ತದೆ. ಸುಮ್ಮನಿದ್ದೆ.

ತಿಂಗಳ ಮೇಲೆ ಕಾಗದ ಬಂತು. ತೂಕ ಇಳಿಸಲು ದಿನ ಸಾಲದೆ ಅವರನ್ನು ಮೇಲಿನ ಕ್ಲಾಸಿಗೆ ಹಾಕಿದ್ದರು. "ಅದೇ ಕೈ, ಅದೇ ಗುದ್ದು. ಕೆಳಗಿನ ಕ್ಲಾಸಿನಲ್ಲಿ ಬಿದ್ದವರು ಏಳುತ್ತಿರಲಿಲ್ಲ. ಇಲ್ಲಿ ಗುದ್ದಿದರೆ, ಗಂಟೆ ಎಷ್ಟು ಎಂದು ಕೇಳುವವರ ಹಾಗೆ ನನ್ನ ಮುಖ ನೋಡುತ್ತಾರೆ." ಪಂದ್ಯ ಸೋತಿದ್ದರು. ತಂಡದ ಜಾಗ ಬೇರೆಯವರ ಪಾಲಾಯಿತು. ಆ ಕಾಗದ ಹಿಡಿದು ರೇಷ್ಮೆಹುಳುವಿನ ಮನೆಯಲ್ಲಿ ಕೂತು ನಾನು ಅತ್ತುಬಿಟ್ಟೆ.

ಆಮೇಲೆ ಅವರೇ ಬಿಡಿಸಿ ಹೇಳಿದ್ದರು. ಮೇಲಿನ ಕ್ಲಾಸಿನವರ ತೂಕ ಕತ್ತಿನಲ್ಲಿ, ಬೆನ್ನಿನಲ್ಲಿ, ತೊಡೆಯಲ್ಲಿ ವರ್ಷಗಟ್ಟಲೆ ಬೆಳೆದದ್ದು. ಗುದ್ದು ಕೊಟ್ಟರೂ ಬಲ, ಗುದ್ದು ತಿಂದರೂ ಬಲ. ಇವರ ಮೂರು ಕೆಜಿ ನನ್ನ ಒಬ್ಬಟ್ಟಿನದು, ಹೊಟ್ಟೆ ಬಿಟ್ಟು ಕೈಗೆ ಬರಲಿಲ್ಲ. ಹಸಿಗೂಡೂ ಹಾಗೇ ತಾನೆ, ತಕ್ಕಡಿಯಲ್ಲಿ ಭಾರ, ಬಿಚ್ಚಿದರೆ ಒಣಗೂಡಿನಷ್ಟೇ ನೂಲು. ಅವರು ಅಲ್ಲೇ ಎರಡು ವರ್ಷ ಆಡಿದರು. ಹಿಮ್ಮಡಿಯಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ ಬಲ ತರುವುದನ್ನು ಕಲಿತು, ಪಾಯಿಂಟಿನ ಮೇಲೆ ಕೆಲವು ಗೆದ್ದರು. ಆದರೆ ಅವರ ಗುದ್ದಿಗೆ ಮತ್ತೆ ಯಾರೂ ಕೂರಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಮೊನ್ನೆ ಡಾಕ್ಟರ್ ಶಾಪಿನಿಂದ ಬರುತ್ತಾ ಆಟೋದಲ್ಲಿ ತಡೆಯಲಾಗಲಿಲ್ಲ. ಎಲ್ಲ ಹೇಳಿ, "ನಿಮ್ಮ ಆಟ ಕೆಡಿಸಿದೋಳು ನಾನೇ ಕಣ್ರೀ" ಎಂದೆ.

"ಗೊತ್ತಿತ್ತು ಕಣೇ."

"ಏನು ಗೊತ್ತಿತ್ತು?"

"ಮೊದಲ್ನೇ ಭಾನುವಾರವೇ ಗೊತ್ತಾಯ್ತು. ಅಪ್ಪ ಬುಟ್ಟಿ ಕಳ್ದೇ ಐವತ್ತೇಳು ಅಂದ್ರು, ನೀನು ಇನ್ನೊಂದ್ಸಲ ಕಳ್ದು ಐವತ್ನಾಲ್ಕು ಬರ್ದೆ. ಕಳಿಯೋ ಲೆಕ್ಕ ನಂಗೂ ಬರ್ತದೆ."

"ಮತ್ತೆ ಯಾಕ್ರೀ ತಿಂದ್ರಿ?"

ಅವರು ರಸ್ತೆ ನೋಡುತ್ತಾ ಕೂತಿದ್ದರು. "ಬಡ್ಸೋವಾಗ ಮಾತ್ರ ಅಲ್ವೇ ನೀನು ನನ್ನ ಮುಖ ನೋಡ್ತಿದ್ದಿದ್ದು. ಸಾಕು ಅನ್ನೋಕೆ ಬಾಯಿ ಬರ್ಲಿಲ್ಲ."

ಮನೆಗೆ ಬಂದು ಮುದ್ದೆ ಕಟ್ಟಿದೆ. ಈಚೆಗೆ ಅರ್ಧಕ್ಕೇ ಸಾಕು ಎನ್ನುವ ಅಭ್ಯಾಸ ಅವರದು. ನಾನೇ ಮುರಿದು ಅರ್ಧ ಹಾಕಿದೆ. ತಟ್ಟೆ ನೋಡಿ, ನನ್ನನ್ನು ನೋಡಿದರು.

"ಬುಟ್ಟಿ ತೂಕ ಯಾಕೆ ಕಳೀತೀಯ? ಪೂರ್ತಿ ಹಾಕು."

ಹಾಕಿದೆ. ಎದುರಿಗೆ ಕೂತು, ಅವರು ಉಂಡು ಮುಗಿಸುವವರೆಗೂ ಮುಖ ನೋಡಿದೆ.